ಮಗು ಕಾಲಾಡಿಸುತ್ತಿದ್ದರೂ ಎಂಆರ್‌ಐ ಏಕೆ?

ಐದು ತಿಂಗಳ ಮಗಳ ಬೆನ್ನಿನಲ್ಲಿ, ಸೊಂಟದ ಕೆಳಗೆ ಮೆತ್ತನೆಯ ಗಂಟು, ಅದರ ಮೇಲೊಂದು ಕೂದಲ ಕುಚ್ಚು. ಕಾಲು ಚೆನ್ನಾಗಿಯೇ ಆಡಿಸುತ್ತಾಳೆ, ಆದರೂ ಎಂಆರ್‌ಐ ಬೇಕೇ ಎಂದು ಕೇಳಿದ್ದೀರಿ. ಬೇಕು. ಮುಂದೂಡಬೇಡಿ.

ಗುದದ್ವಾರದ ಹತ್ತಿರ ಬರೀ ಪುಟ್ಟ ಕುಳಿಯಿದ್ದು, ಅದರ ತಳ ಕಾಣುತ್ತಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಗಂಟೂ ಕೂದಲೂ ಒಟ್ಟಿಗಿದ್ದರೆ ಮಾತು ಬೇರೆ: ಚರ್ಮದಡಿಯ ಕೊಬ್ಬು ಬೆನ್ನುಹುರಿಯವರೆಗೆ ಇಳಿದು ಅದನ್ನು ಹಿಡಿದಿಟ್ಟಿರಬಹುದು. ಹುರಿಯ ತುದಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ (ಬೆನ್ನುಮೂಳೆಯ ಮಣಿಯ) ಬಳಿ ನಿಲ್ಲಬೇಕು. ಹೀಗೆ ಅಂಟಿಕೊಂಡ ಹುರಿ ಕೆಳಗೇ ಉಳಿದು, ಮಗು ಬೆಳೆದಂತೆ ಜಗ್ಗುತ್ತದೆ. ಅಲ್ಟ್ರಾಸೌಂಡ್ ಸಾಲದೇ ಎಂದರೆ, ಮೊದಲ ಮೂರು-ನಾಲ್ಕು ತಿಂಗಳ ನಂತರ ಮೂಳೆ ಗಟ್ಟಿಯಾಗಿ ಚಿತ್ರ ಮಸುಕಾಗುತ್ತದೆ.

ಕಾಲಿಗಿಂತ ಮೊದಲೇ ಮೂತ್ರಕೋಶ ಸೋಲಬಹುದು. ಡಯಾಪರ್ ಕಟ್ಟಿದ ಮಗುವಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ! ಬಿಚ್ಚಿ ನೋಡಿ: ಮೂತ್ರ ಧಾರೆಯಾಗಿ ಬರುತ್ತದೆಯೇ, ಸದಾ ತೊಟ್ಟಿಕ್ಕುತ್ತದೆಯೇ? ಎರಡೂ ಪಾದಗಳ ಅಳತೆ ಒಂದೇ ಇದೆಯೇ?

ಹುರಿಯ ತುದಿಯನ್ನು ಕೆಳಗೆ ಬಿಗಿದಿಡುವ ತಂತು ದಪ್ಪಗಾಗಿದ್ದಷ್ಟೇ ಆದರೆ ಅದನ್ನು ಕತ್ತರಿಸುವುದು ಚಿಕ್ಕ ಶಸ್ತ್ರಚಿಕಿತ್ಸೆ. ಕೊಬ್ಬು ನರಗಳೊಂದಿಗೆ ಹೆಣೆದುಕೊಂಡಿದ್ದರೆ ಸೂಕ್ಷ್ಮದರ್ಶಕದಡಿ, ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಕಾಲಿನ, ಗುದದ ಸ್ನಾಯುಗಳು ಸ್ಪಂದಿಸುತ್ತವೆಯೇ ಎಂದು ನೋಡುತ್ತಲೇ ಬಿಡಿಸಬೇಕು. ಲಕ್ಷಣವೇ ಇಲ್ಲದ ಇಂಥ ಮಗುವಿಗೆ ಈಗಲೇ ಮಾಡಬೇಕೇ, ಕಾಯಬೇಕೇ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಆದ್ದರಿಂದ ಚಿತ್ರಗಳೊಂದಿಗೆ ನಿಮ್ಹಾನ್ಸ್‌ನಂಥ ಕಡೆ ಮಕ್ಕಳ ನರಶಸ್ತ್ರಚಿಕಿತ್ಸಕರನ್ನು ಕಾಣಿ. ಮೂತ್ರಕೋಶದ ಒತ್ತಡದ ಪರೀಕ್ಷೆಯನ್ನೂ ಕೇಳಿ. ಎಂಆರ್‌ಐ ಇಲ್ಲದೆ, ಬರೀ ಕೊಬ್ಬಿನ ಗೆಡ್ಡೆಯೆಂದು ಮೇಲಿಂದಲೇ ಕೊಯ್ದು ತೆಗೆಯುವುದಕ್ಕೆ ಮಾತ್ರ ಒಪ್ಪಬೇಡಿ.