ಸೇಂಟ್ ಲೂಯಿಸ್ ಕೌಂಟಿಯ ಚಳಿ: ಅಡುಗೆಮನೆಯ ನಲ್ಲಿಯಲ್ಲಿ ಮಾತ್ರ ನೀರು ನಿಂತರೆ

ಅಡುಗೆಮನೆಯ ನಲ್ಲಿಯಲ್ಲಿ ಮಾತ್ರ ನೀರು ನಿಂತಿದೆ, ಏನು ಮಾಡಲಿ ಎಂದು ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯಿಂದ ನೀವು ಕೇಳಿದ್ದೀರಿ. ಸ್ನಾನದ ಮನೆಯಲ್ಲಿ ನೀರು ಬಂದು ಅಡುಗೆಮನೆಯಲ್ಲಿ ಮಾತ್ರ ಬರುತ್ತಿಲ್ಲವೆಂದರೆ, ಸಿಂಕಿನ ಕೆಳಗೆ ಹೊರಗೋಡೆಗೆ ತಾಗಿರುವ ಪೈಪಿನಲ್ಲಿ ನೀರು ಹೆಪ್ಪುಗಟ್ಟಿರುವ ಸಾಧ್ಯತೆಯೇ ಹೆಚ್ಚು. ಮೊದಲು ಇಡೀ ಮನೆಯ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಪೈಪು ಬಿರಿದಿದ್ದರೆ ಅದು ಗೊತ್ತಾಗುವುದು ಹೆಪ್ಪು ಕರಗಿದ ಮೇಲೆಯೇ. ನಲ್ಲಿ ತೆರೆದಿಡಿ. ಆಮೇಲೆ ಹೇರ್ ಡ್ರೈಯರ್ ಹಿಡಿದು, ಅದಕ್ಕೆ ನೀರು ತಾಗದಂತೆ, ನಲ್ಲಿಯ ಕಡೆಯಿಂದ ಗೋಡೆಯತ್ತ ನಿಧಾನವಾಗಿ ಬಿಸಿ ಮಾಡುತ್ತಾ ಹೋಗಿ. ಬೆಂಕಿಯ ಜ್ವಾಲೆ ಮಾತ್ರ ಬೇಡ, ಯಾರು ಹೇಳಿದರೂ. ಹೆಪ್ಪು ಗೋಡೆಯೊಳಗೆ ಇದ್ದರೆ ಇಷ್ಟು ಸಾಲದಿರಬಹುದು. ಒಂದು ಗಂಟೆಯಾದರೂ ಹನಿ ಬಾರದಿದ್ದರೆ ಪ್ಲಂಬರ್‌ನನ್ನು ಕರೆಯಿರಿ.

ಹಿಮ ಬೀಳುವಾಗ ಸರಿಯಿದ್ದು, ಆಕಾಶ ತಿಳಿಯಾದ ಮೇಲೆ ಹೀಗೇಕಾಯಿತು ಎಂದೂ ಕೇಳಿದ್ದೀರಿ. ಮೋಡವಿದ್ದರೆ ನೆಲದ ಶಾಖ ಅಷ್ಟು ಬೇಗ ಮೇಲಕ್ಕೆ ಹೋಗುವುದಿಲ್ಲ. ಉತ್ತರ ಮಿನೆಸೋಟದಲ್ಲಿ ನೆಲದ ಮೇಲೆ ಹಿಮವಿದ್ದು, ಮೋಡವೂ ಗಾಳಿಯೂ ಇಲ್ಲದ ರಾತ್ರಿಯೇ ಅತಿ ಕ್ರೂರ. ನಿಮ್ಮ ಕೌಂಟಿಯ ಟವರ್ ಎಂಬ ಊರಿನ ಬಳಿಯೇ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಮುನ್ಸೂಚನೆಯಲ್ಲಿ ಅಂಥ ರಾತ್ರಿ ಕಂಡರೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ನಲ್ಲಿಯನ್ನು ಸಣ್ಣಗೆ ಹರಿಯಬಿಡಿ, ಮಲಗುವಾಗ ಹೀಟರ್ ತಗ್ಗಿಸಬೇಡಿ.