ಬೊಜ್ಜಿನ ಉರಿಯೂತದಿಂದ ಮರೆವು ಬರುತ್ತದೆಯೇ?

ನೀವು ಕೊಟ್ಟಿರುವ ವಿವರ ಇಷ್ಟು: ಶ್ರೀನಿವಾಸಪುರದಲ್ಲಿರುವ ಅಮ್ಮನಿಗೆ 54 ವರ್ಷ, ಎತ್ತರ 155 ಸೆಂ.ಮೀ., ತೂಕ 74 ಕೆ.ಜಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದಾರೆ. ಈಚೆಗೆ ಒಲೆ ಆರಿಸುವುದು ಮರೆಯುತ್ತಾರೆ, ಪರಿಚಯದವರ ಹೆಸರು ಬಾಯಿಗೆ ಬರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದರೆ ಏರುವ ಅಂಶ) 5.2 ಬಂದಿದೆ. ಇದಕ್ಕೆಲ್ಲ ಬೊಜ್ಜೇ ಕಾರಣವೇ ಎಂದು ಕೇಳಿದ್ದೀರಿ.

ಬೊಜ್ಜಿನ ಪಾಲು ಇರಬಹುದು. ಆದರೆ ಅದರ ಮೇಲೆ ಹೊರಿಸಿ ಸುಮ್ಮನಾಗುವ ಮುಂಚೆ ಸುಲಭವಾಗಿ ಸರಿಹೋಗುವ ಕಾರಣಗಳನ್ನು ನೋಡಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಬಿ12 ಕೊರತೆಯಿಂದಲೇ ಮರೆವು, ಕಾಲು ಜೋಮು ಎರಡೂ ಬರುತ್ತವೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬಿ12 ಸೇರಿಸಿದರೆ ಸಾಕಾಗುತ್ತದೆ. ಬಿ12 ಪರೀಕ್ಷೆಯ ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮಾಡಿಸಿ. ರಾತ್ರಿ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಬೆಚ್ಚಿ ಏಳುತ್ತಾರೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ. ಅದು ಸ್ಲೀಪ್ ಅಪ್ನಿಯಾ ಇರಬಹುದು. ಬೊಜ್ಜಿರುವವರಲ್ಲಿ ಹಗಲಿನ ಮಂಕು, ಮರೆವಿಗೆ ಇದು ದೊಡ್ಡ ಕಾರಣ, ಮತ್ತು ಹೆಚ್ಚಿನವರಿಗೆ ಇದು ಪತ್ತೆಯೇ ಆಗಿರುವುದಿಲ್ಲ.

ಇನ್ನು ಉರಿಯೂತದ ವಿಷಯ. ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂತ ಕೊಬ್ಬು ಸುಮ್ಮನೆ ಶೇಖರವಾಗಿ ಬಿದ್ದಿರುವುದಿಲ್ಲ. ಕೊಬ್ಬಿನ ಜೀವಕೋಶಗಳು ಮಿತಿಮೀರಿ ಉಬ್ಬಿದಾಗ ಅಲ್ಲಿಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಐಎಲ್-6, ಟಿಎನ್‌ಎಫ್-ಆಲ್ಫಾದಂಥ ರಾಸಾಯನಿಕಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಐಎಲ್-6 ಸಿಕ್ಕಿದ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಈ ಸಂಕೇತಗಳು ಮಿದುಳಿನ ರಕ್ತನಾಳಗಳ ಒಳಪದರದ ಮೂಲಕವೂ ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರದ ಮೂಲಕವೂ ಮಿದುಳಿಗೆ ತಲುಪಿ, ಅಲ್ಲಿನ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳನ್ನು ಕೆರಳಿಸುತ್ತವೆ. ಹೊಸ ನೆನಪು ಕೂಡಿಸುವ ಹಿಪ್ಪೊಕ್ಯಾಂಪಸ್ ಭಾಗಕ್ಕೆ ಇದರ ಏಟು ಬೇಗ ತಾಗುತ್ತದೆ. ಆರೋಗ್ಯವಂತರಿಗೆ ಟೈಫಾಯ್ಡ್ ಚುಚ್ಚುಮದ್ದು ಕೊಟ್ಟು ತಾತ್ಕಾಲಿಕ ಉರಿಯೂತ ಎಬ್ಬಿಸಿದ ಪ್ರಯೋಗದಲ್ಲಿ, ಕೆಲವೇ ಗಂಟೆಗಳಲ್ಲಿ ಜಾಗ, ದಾರಿ ನೆನಪಿಡುವ ಶಕ್ತಿ ಕುಗ್ಗಿದ್ದು ಕಂಡಿದೆ. ಬೊಜ್ಜಿನಲ್ಲಿ ಉರಿಯೂತ ಅಷ್ಟು ಜೋರಿರುವುದಿಲ್ಲ, ಆದರೆ ವರ್ಷಗಟ್ಟಲೆ ಆರುವುದೂ ಇಲ್ಲ. ಇದರ ಜೊತೆಗೆ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು), ಬಿಪಿ ಸೇರಿ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತವೆ.

ಆದರೆ 5.2 ಎಂಬ ಒಂದು ಅಂಕಿ ನೋಡಿ ಹೆದರಬೇಡಿ. ಮೊದಲು ಅದು ಸಾಮಾನ್ಯ ಸಿಆರ್‌ಪಿಯೋ, ತೀರಾ ಸಣ್ಣ ಪ್ರಮಾಣವನ್ನೂ ಅಳೆಯುವ ಎಚ್‌ಎಸ್-ಸಿಆರ್‌ಪಿಯೋ ನೋಡಿ. ಈ ಥರದ ಮಂದ ಉರಿಯೂತ ಅಳೆಯಲು ಎರಡನೆಯದೇ ಬೇಕು. ಅದರಲ್ಲಿ 1ಕ್ಕಿಂತ ಕಮ್ಮಿ ಒಳ್ಳೆಯದು, 3 ದಾಟಿದರೆ ಹೆಚ್ಚು. ನೆಗಡಿ, ಒಸಡಿನ ಬಾವು, ಮೂತ್ರದ ಸೋಂಕು ಯಾವುದಿದ್ದರೂ ಏರುತ್ತದೆ. ಮೈ ಚೆನ್ನಾಗಿರುವಾಗ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಸಿಆರ್‌ಪಿಗಿಂತ ನಾನು ನಂಬುವುದು ಟೇಪನ್ನು. ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ, ಬರಿ ಮೈಮೇಲೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಿರಿ. ಸೀರೆ ನೆರಿಗೆಯ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಮಿತಿ. ಅಮ್ಮನ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸುಮಾರು 31. ನಮ್ಮಲ್ಲಿ 25 ಆದರೇ ಬೊಜ್ಜು ಎನ್ನುತ್ತಾರೆ.

ಗುರಿ ದೊಡ್ಡದಿಡಬೇಡಿ. ಈಗಿನ ತೂಕದಲ್ಲಿ ನೂರಕ್ಕೆ 5ರಿಂದ 7, ಅಂದರೆ 4–5 ಕೆ.ಜಿ., ನಾಲ್ಕಾರು ತಿಂಗಳಲ್ಲಿ ಇಳಿದರೂ ಸಕ್ಕರೆ, ಬಿಪಿ ಸುಧಾರಿಸುತ್ತವೆ, ಸಿಆರ್‌ಪಿಯೂ ಸಾಮಾನ್ಯವಾಗಿ ಇಳಿಯುತ್ತದೆ. ನಮ್ಮ ಕಡೆ ಎಡವಟ್ಟಾಗುವುದು ಮುದ್ದೆಯ ಗಾತ್ರದಲ್ಲಿ. ರಾಗಿ ಒಳ್ಳೆಯದು ಎಂದು ಎರಡು ಮುದ್ದೆ, ಮೇಲೆ ಅನ್ನ ಆಗಿಬಿಡುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಗಿಂತ ತೀರಾ ಕಮ್ಮಿಯೇನಲ್ಲ. ಒಂದು ಹೊತ್ತಿಗೆ 60–70 ಗ್ರಾಂ ಹಿಟ್ಟಿನ ಒಂದು ಮುದ್ದೆ ಸಾಕು. ಬಸ್ಸಾರಿನ ಪಲ್ಯ, ಹುರುಳಿಕಾಳು, ಅವರೆಕಾಳು, ಮಸ್ಸೊಪ್ಪು ಜಾಸ್ತಿ ಆಗಲಿ. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರು. ಮಾವಿನ ಸೀಸನ್ನಿನಲ್ಲಿ ಊಟದ ಮೇಲೆ ಇಡೀ ಹಣ್ಣು ಬೇಡ, ಅನ್ನ ಬಿಟ್ಟು ಎರಡು ಹೋಳು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಜೊತೆಗೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ 10ರಂತೆ ಮೂರು ಸಲ. ಊಟ ಮಾತ್ರ ಕಡಿದರೆ ಸ್ನಾಯುವೂ ಕರಗುತ್ತದೆ. ಸಕ್ಕರೆ ಮಾತ್ರೆ ಬೇರೆ ಯಾವುದಾದರೂ ಇದ್ದರೆ ಊಟ ಇಳಿಸುವ ಮುಂಚೆ ಡಾಕ್ಟರಿಗೆ ತಿಳಿಸಿ, ಲೋ ಶುಗರ್ ಆಗಬಹುದು. ಅರಿಶಿನದ ಕ್ಯಾಪ್ಸೂಲಿಗೆ ದುಡ್ಡು ಹಾಕಬೇಡಿ, ಅದು ರಕ್ತಕ್ಕೆ ಸೇರುವುದೇ ಬಹಳ ಕಮ್ಮಿ.

ತೂಕ ಇಳಿಸುವ ಈ ಲೆಕ್ಕ ನಡುವಯಸ್ಸಿನವರದ್ದು. 70 ದಾಟಿದವರು ಪ್ರಯತ್ನ ಪಡದೆ ಸೊರಗುತ್ತಿದ್ದರೆ ಸಂತೋಷಪಡಬಾರದು, ಅದೇ ಡಿಮೆನ್ಷಿಯಾದ (ಮರೆಗುಳಿ ಕಾಯಿಲೆಯ) ಮುನ್ಸೂಚನೆ ಇರಬಹುದು. ಮರೆವಿನ ಬಗ್ಗೆ ಪಾಶ್ಚಾತ್ಯರ ಅಂಕಿಗಳು ನಮ್ಮ ಹಳ್ಳಿಯವರಿಗೆ ಎಷ್ಟು ಹೊಂದುತ್ತವೆ ಎಂದು ತಿಳಿಯಲು, ನಿಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲೇ ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆಯ) ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ.

ಒಲೆ ಆರಿಸಲು ಮರೆಯುವುದು ಆಗಾಗ ಆಗುತ್ತಿದ್ದರೆ ತೂಕ ಇಳಿಯಲಿ ಎಂದು ಕಾಯಬೇಡಿ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಎಲ್ಲಿ ಎಂದು ಕೇಳಿ. ನಿದ್ರೆ ಮಾತ್ರೆ, ಅಲರ್ಜಿ ಮಾತ್ರೆ ಸೇರಿ ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಅಂದರೆ ಖಾಲಿ ಸ್ಟ್ರಿಪ್ಪುಗಳನ್ನೇ ತಗೊಂಡು ಹೋಗಿ. ಜೊತೆಗೆ ಮನೆಯಲ್ಲಿ ದಿನವೂ ಅವರನ್ನು ನೋಡುವವರೇ ಹೋಗಲಿ; ಯಾವಾಗಿನಿಂದ, ಏನೇನು ಮರೆಯುತ್ತಿದ್ದಾರೆ ಎಂಬುದನ್ನು ಡಾಕ್ಟರು ಆ ಮನೆಯವರ ಬಾಯಿಂದ ಕೇಳಬೇಕಾಗುತ್ತದೆ.