ಅಪ್ಪ, ಅಮ್ಮ, ಮಗಳ ಜೊತೆ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ಔಷಧಿ, ಇಂಜೆಕ್ಷನ್ ಅಂತ ಏನೇನು ತಯಾರಿ ಬೇಕು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನಿಂದ ಐದು ದಿನಕ್ಕೆ ಹೊರಟಿದ್ದೀರಿ. ರೆಸಾರ್ಟ್ ಅಲ್ಲ, ಊರಿನವರೇ ಇರುವ ಸಣ್ಣ ದ್ವೀಪದ ಗೆಸ್ಟ್‌ಹೌಸ್. ಅಪ್ಪನಿಗೆ 68 ವರ್ಷ, ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಬಿಪಿ ಮಾತ್ರೆಯೂ ಇದೆ. ಮಗಳಿಗೆ ಆರು ವರ್ಷ. ಮಲೇರಿಯಾ ಮಾತ್ರೆ ಬೇಕಾ, ಯಾವ ಇಂಜೆಕ್ಷನ್ ಹಾಕಿಸಬೇಕು ಅಂತ ಕೇಳಿದ್ದೀರಿ.

ನಾನು ನರ್ಸ್. ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಹೆಲ್ತ್ ಸೆಂಟರ್‌ನಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವಳು. ಈಗ ಬೆಂಗಳೂರಿನಲ್ಲೇ ಇದ್ದೇನೆ.

ಮೊದಲು ಮಲೇರಿಯಾ. ಮಾತ್ರೆ ಬೇಡ. 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮಾಲ್ಡೀವ್ಸ್ ಅನ್ನು ಮಲೇರಿಯಾ ಇಲ್ಲದ ದೇಶ ಅಂತ ಘೋಷಿಸಿದೆ. ಹಳದಿ ಜ್ವರದ ಸರ್ಟಿಫಿಕೇಟ್ ಕೇಳುವುದು ಆ ಜ್ವರ ಇರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರಿಗೆ. ಬೆಂಗಳೂರಿನಿಂದ ನೇರವಾಗಿ ಹೋಗುವ ನಿಮಗೆ ಅದು ಬೇಡ. ಹೆಪಟೈಟಿಸ್ ಎ, ಟೈಫಾಯಿಡ್, ಟೆಟನಸ್ ಇವುಗಳ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಹಾಕಿಸುವುದಾದರೆ ಹೊರಡುವುದಕ್ಕೆ ಎರಡು ವಾರ ಮುಂಚೆಯಾದರೂ ಹಾಕಿಸಿ. ಮಗಳ ಲಸಿಕೆ ಕಾರ್ಡ್ ತೆಗೆದು ನೋಡಿ, ಯಾವುದಾದರೂ ಡೋಸ್ ಬಾಕಿ ಇದ್ದರೆ ಇದೇ ನೆಪದಲ್ಲಿ ಮುಗಿಸಿಬಿಡಿ. ಇಂಜೆಕ್ಷನ್ ವಿಷಯ ಇಷ್ಟೇ.

ನಿಜವಾದ ತಯಾರಿ ಬೇರೆ ಇದೆ. ಅದು ನಿಮ್ಮ ಅಪ್ಪನದು.

ಇಲ್ಲಿ ರಾಜಾಜಿನಗರದಲ್ಲೋ ಜಯನಗರದಲ್ಲೋ ರಾತ್ರಿ ಹನ್ನೊಂದಕ್ಕೆ ಮಾತ್ರೆ ಮುಗಿದರೆ ಯಾವುದಾದರೂ ಒಂದು ಮೆಡಿಕಲ್ ಶಾಪ್ ತೆರೆದಿರುತ್ತದೆ. ಎದೆನೋವು ಬಂದರೆ ಆಟೋ ಹತ್ತಿ ಹೊರಡುತ್ತೇವೆ. ಅಲ್ಲಿ ಹಾಗಲ್ಲ. ಸುಮಾರು 1,200 ದ್ವೀಪಗಳ ದೇಶ ಅದು. ಜನ ಊರು ಮಾಡಿಕೊಂಡಿರುವುದು ಹೆಚ್ಚುಕಡಿಮೆ 200 ದ್ವೀಪಗಳಲ್ಲಿ. ಇಂಥ ಊರುಗಳಲ್ಲಿ ಹೆಲ್ತ್ ಸೆಂಟರ್ ಇರುತ್ತದೆ, ಸಣ್ಣ ಔಷಧಿ ಅಂಗಡಿಯೂ ಇರುತ್ತದೆ. ಜ್ವರ, ಗಾಯ, ವಾಂತಿ ಇಷ್ಟಕ್ಕೆ ಏನೂ ಕೊರತೆ ಇಲ್ಲ. ಆದರೆ ಸ್ಕ್ಯಾನಿಂಗ್, ಐಸಿಯು, ಹೃದಯದ ಡಾಕ್ಟರ್ ಅಂದರೆ ದೋಣಿ ಹತ್ತಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ರಾಜಧಾನಿ ಮಾಲೆಯಲ್ಲಿ, ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ. ಭಾರತವೇ ಕಟ್ಟಿಸಿಕೊಟ್ಟದ್ದು, 1995ರಲ್ಲಿ ಶುರುವಾಯಿತು. ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ, ಹಾರುವುದು ಹಗಲಲ್ಲಿ ಮಾತ್ರ. ಸಮುದ್ರ ಕೆಟ್ಟಿದ್ದರೆ ಸ್ಪೀಡ್‌ಬೋಟ್ ಕೂಡ ಕಾಯಬೇಕಾಗುತ್ತದೆ. ಹಾಗಾಗಿ ಅಲ್ಲಿ ಆಸ್ಪತ್ರೆ ಎಷ್ಟು ದೂರ ಅಂತ ಕೇಳಿದರೆ ಕಿಲೋಮೀಟರ್ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಎಷ್ಟು ಹೊತ್ತಿನಲ್ಲಿ ದೋಣಿ ಸಿಗುತ್ತದೆ, ಹೊರಗೆ ಬೆಳಕಿದೆಯಾ, ಗಾಳಿ ಹೇಗಿದೆ, ಇವೇ ಲೆಕ್ಕ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ನಮ್ಮ ಕಡೆಯವರೇ ಒಬ್ಬರು, ಅರವತ್ತು ದಾಟಿದವರು, ಮಗನ ಜೊತೆ ಹೆಲ್ತ್ ಸೆಂಟರ್‌ಗೆ ಬಂದರು. ಮಾತ್ರೆಗಳೆಲ್ಲ ದೊಡ್ಡ ಸೂಟ್‌ಕೇಸ್‌ನಲ್ಲಿದ್ದವು, ಆ ಸೂಟ್‌ಕೇಸ್ ಮರುದಿನದ ದೋಣಿಗೆ ಬರುವುದಿತ್ತು. ಜೇಬಿನಲ್ಲಿ ಉಳಿದಿದ್ದದ್ದು ಒಂದು ತುಂಡು ಸ್ಟ್ರಿಪ್, ಎರಡು ಮಾತ್ರೆ. ನಾನು ಅದನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಕತ್ತರಿಯಿಂದ ಹತ್ತು ಮಾತ್ರೆಯ ಸ್ಟ್ರಿಪ್ ಅನ್ನು ನಾಲ್ಕಕ್ಕೋ ಆರಕ್ಕೋ ಕತ್ತರಿಸಿ ಕೊಡುತ್ತಾರಲ್ಲ, ಹಾಗೆ ಕತ್ತರಿಸಿದ್ದು. ಹೆಸರು ಇದ್ದ ಕಡೆ ಅಂಗಡಿಯಲ್ಲೇ ಉಳಿದಿತ್ತು. ಬೆಳ್ಳಿ ಹಾಳೆಯ ಮೇಲೆ 'ಟ್ಯಾಬ್ಲೆಟ್ಸ್ ಐಪಿ' ಅನ್ನುವುದಷ್ಟೇ ಓದಲು ಬರುತ್ತಿತ್ತು. 'ಗುಲಾಬಿ ಬಣ್ಣದ್ದು ಸಿಸ್ಟರ್, ರಾತ್ರಿ ಊಟ ಆದಮೇಲೆ' ಅಂತ ಅವರು ಹೇಳುತ್ತಿದ್ದರು. ಬಿಪಿ 190ಕ್ಕೆ ಏರಿತ್ತು. ಬೆಂಗಳೂರಿನಲ್ಲಿದ್ದ ಸೊಸೆಗೆ ವಾಟ್ಸಾಪ್ ಕರೆ ಮಾಡಿ, ಆಕೆ ಮನೆಯ ಡ್ರಾಯರ್‌ನಿಂದ ಹಳೆ ಚೀಟಿ ಹುಡುಕಿ ಫೋಟೋ ಕಳಿಸಿದ ಮೇಲೆ ಗೊತ್ತಾಯಿತು. ಅಂದು ನೆಟ್‌ವರ್ಕ್ ಇತ್ತು, ಒಳ್ಳೆಯದಾಯಿತು.

ಆದ್ದರಿಂದ ಕೈಮುಗಿದು ಹೇಳುತ್ತೇನೆ, ಅಪ್ಪನ ಎಲ್ಲ ಮಾತ್ರೆ, ಇನ್ಸುಲಿನ್ ಕೈಚೀಲದಲ್ಲಿರಲಿ. ಚೆಕ್-ಇನ್ ಬ್ಯಾಗ್‌ನಲ್ಲಿ ಬೇಡ. ಐದು ದಿನದ ಪ್ರವಾಸಕ್ಕೆ ಹತ್ತು ದಿನದ ಔಷಧಿ ಇಟ್ಟುಕೊಳ್ಳಿ. ಅರ್ಧವನ್ನು ಅಮ್ಮನ ಚೀಲದಲ್ಲಿಡಿ. ಪೂರ್ತಿ ಸ್ಟ್ರಿಪ್ಪೇ ಕೊಳ್ಳಿ, ಕತ್ತರಿಸಿದ್ದು ಬೇಡ. ವಾರದ ಡಬ್ಬಿಗೆ ಮಾತ್ರೆ ಬಿಡಿಸಿ ತುಂಬಿಕೊಂಡು ಹೋಗಬೇಡಿ. ಡಾಕ್ಟರ್ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಾವು ಬೆಂಗಳೂರಿನವರು ಜ್ವರ ಅಂದರೆ ಡೋಲೋ ಅನ್ನುತ್ತೇವೆ, ಅದು ಇಲ್ಲಿಯದೇ ಕಂಪನಿಯ ಮಾತ್ರೆ ಕೂಡ. ಅಲ್ಲಿನ ಅಂಗಡಿಯಲ್ಲಿ ಅದರ ಮೂಲ ಹೆಸರು ಪ್ಯಾರಸಿಟಮಾಲ್ ಅಂದರೆ ಯಾರಿಗಾದರೂ ತಿಳಿಯುತ್ತದೆ. ಬಿಪಿ, ಶುಗರ್ ಮಾತ್ರೆಗೂ ಇದೇ ಮಾತು.

ಚೀಟಿ ಇನ್ನೊಂದು ಕಾರಣಕ್ಕೂ ಬೇಕು. ಅಮಲು ತರುವ ಔಷಧಿಗಳ ವಿಷಯದಲ್ಲಿ ಮಾಲ್ಡೀವ್ಸ್ ತುಂಬಾ ಕಟ್ಟುನಿಟ್ಟು. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇಂಥದ್ದೇನಾದರೂ ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ಸುಮ್ನೆ ಚೀಲಕ್ಕೆ ಹಾಕಿಕೊಂಡು ಹೋಗಬೇಡಿ. ಡಾಕ್ಟರ್ ಹತ್ತಿರ ಬೇರೆ ಔಷಧಿ ಕೇಳಿ. ಅದೇ ಬೇಕು ಅಂದರೆ ಅಲ್ಲಿನ ನಿಯಮ ವಿಚಾರಿಸಿ, ಪತ್ರದ ಸಮೇತ ಹೋಗಿ.

ಇನ್ಸುಲಿನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಿಸಿಲಿಗೆ ಹಾಳಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಹಾಳಾಗುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮತ್ತೆ ಕರಗಿ ನೋಡಲು ಮೊದಲಿನಂತೇ ಕಂಡರೂ ಅದು ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಇನ್ಸುಲಿನ್ ಪೆನ್ ಅನ್ನು ಐಸ್ ತುಂಡಿಗೆ ತಾಗಿಸಿ ಇಡಬೇಡಿ, ರೂಮಿನ ಫ್ರಿಜ್‌ನಲ್ಲಿ ಐಸ್ ಕಟ್ಟುವ ಜಾಗದ ಪಕ್ಕ ಬೇಡ, ಬಾಗಿಲಿನ ಕಡೆ ಇಡಿ. ದೋಣಿಯಲ್ಲಿ ಹೋಗುವಾಗ ಥರ್ಮಾಸ್ ಅಥವಾ ಇನ್ಸುಲಿನ್ ಪೌಚ್ ಸಾಕು. ಡೋಸ್ ಹೊತ್ತಿನ ಗೊಂದಲವೂ ಇಲ್ಲ. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ಅಷ್ಟೇ.

ಅಪಾಯ ಇರುವುದು ಊಟದಲ್ಲಿ. ಬೆಳಗ್ಗೆ ಇನ್ಸುಲಿನ್ ಹಾಕಿಕೊಂಡು, 'ದಡ ತಲುಪಿ ತಿಂದರಾಯಿತು' ಅಂತ ದೋಣಿ ಹತ್ತುತ್ತಾರೆ. ದೋಣಿ ತಡವಾಗುತ್ತದೆ. ನಡುವೆ ಬೆವರು, ನಡುಕ, ಮಾತು ತೊದಲುವುದು. ಜೊತೆಯವರು ಸಮುದ್ರದ ತಲೆಸುತ್ತು ಅಂದುಕೊಂಡು ಮಲಗಿಸುತ್ತಾರೆ. ಹಾಗೆ ಮಾಡಬೇಡಿ. ಮೊದಲು ಶುಗರ್ ನೋಡಿ, ಮೀಟರ್ ಕೈಗೆ ಸಿಗದಿದ್ದರೆ ಲೋ ಶುಗರ್ ಅಂತಲೇ ತಿಳಿದು, ಎಚ್ಚರವಾಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಗ್ಲೂಕೋಸ್ ಪುಡಿ, ಬಿಸ್ಕೆಟ್ ಅಪ್ಪನ ಜೇಬಿನಲ್ಲೇ ಇರಲಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ಅವರ ಕಾಲಿನ ಬಗ್ಗೆಯೂ ಯೋಚಿಸಿ. ಶುಗರ್ ಹಳೆಯದಾದರೆ ಪಾದಕ್ಕೆ ಸ್ಪರ್ಶ ಕಡಿಮೆ ಆಗಿರುತ್ತದೆ. ಮಧ್ಯಾಹ್ನದ ಮರಳು ಸುಟ್ಟರೂ ತಿಳಿಯುವುದಿಲ್ಲ, ಹವಳದ ಚೂರು ಚುಚ್ಚಿದರೂ ತಿಳಿಯುವುದಿಲ್ಲ. ಸಂಜೆ ಕಾಲು ತೊಳೆಯುವಾಗ ರಕ್ತ ಕಾಣಿಸಿತು ಅಂತ ಬಂದವರನ್ನು ನೋಡಿದ್ದೇನೆ. ನೀರಿಗೆ ಇಳಿಯುವಾಗಲೂ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ರಾತ್ರಿ ನೀವೇ ಅವರ ಪಾದ ಹಿಡಿದು, ಬೆರಳ ಸಂದಿ ಬಿಡಿಸಿ, ಟಾರ್ಚ್ ಹಾಕಿ ನೋಡಿ. ಹವಳ ಗೀರಿದ್ದರೆ ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ತೊಳೆದು ಪೊವಿಡೋನ್ ಅಯೋಡಿನ್ ಅನ್ನುವ ಗಾಯದ ಔಷಧಿ ಹಚ್ಚಿ. ಮರುದಿನ ಕೆಂಪಾಗಿ ಊದಿದರೆ ಹೆಲ್ತ್ ಸೆಂಟರ್‌ಗೆ ಕರೆದುಕೊಂಡು ಹೋಗಿ.

ಹೊರಡುವ ಮುಂಚೆ ಅವರ ಡಾಕ್ಟರ್‌ಗೆ ಈ ಒಂದು ಪ್ರಶ್ನೆ ತಪ್ಪದೆ ಕೇಳಿ: 'ವಾಂತಿ ಭೇದಿ ಶುರುವಾಗಿ ಊಟ ಸೇರದಿದ್ದರೆ ಯಾವ ಮಾತ್ರೆ ನಿಲ್ಲಿಸಬೇಕು, ಇನ್ಸುಲಿನ್ ಎಷ್ಟು ಹಾಕಬೇಕು?' ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ, ಮೂತ್ರ ಜಾಸ್ತಿ ಮಾಡಿ ನೀರು ಇಳಿಸುವ ಬಿಪಿ ಮಾತ್ರೆ ಇವನ್ನು ಅಂಥ ದಿನಗಳಲ್ಲಿ ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ. ಇನ್ಸುಲಿನ್ ಮಾತ್ರ ತಾವಾಗಿಯೇ ಪೂರ್ತಿ ನಿಲ್ಲಿಸಬಾರದು. ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ.

ಓಆರ್‌ಎಸ್ ಆರು ಪಾಕೆಟ್ ಇಟ್ಟುಕೊಳ್ಳಿ. ದೊಡ್ಡ ಪಾಕೆಟ್ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿಲಿಗೆ, ಪಾಕೆಟ್ ಮೇಲೆ ಬರೆದಿರುತ್ತದೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದವರಿದ್ದಾರೆ. ಅಷ್ಟು ಉಪ್ಪು ಮಗುವಿಗೆ ಅಪಾಯ. ಮಗಳ ಪ್ಯಾರಸಿಟಮಾಲ್ ಸಿರಪ್ ಕೂಡ ಹಾಗೇ, 5 ಮಿಲಿಯಲ್ಲಿ 125 ಮಿಲಿಗ್ರಾಂ ಔಷಧಿ ಇರುವುದೂ ಉಂಟು, 250 ಇರುವುದೂ ಉಂಟು. ಅವಳ ತೂಕಕ್ಕೆ ಎಷ್ಟು ಅಂತ ಮಕ್ಕಳ ಡಾಕ್ಟರ್ ಹತ್ತಿರ ಬಾಟಲಿ ಮೇಲೇ ಬರೆಸಿ. ದೋಣಿಯ ವಾಕರಿಕೆಗೆ ಮಾತ್ರೆ ಹತ್ತುವ ಒಂದು ಗಂಟೆ ಮುಂಚೆ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಅದು ನಿದ್ದೆ ಬರಿಸುತ್ತದೆ, ಆದ್ದರಿಂದ ಅಪ್ಪನಿಗೂ ಮಗಳಿಗೂ ಡಾಕ್ಟರ್‌ಗೆ ಕೇಳದೆ ಕೊಡಬೇಡಿ.

ಡೆಂಗಿ ಅಲ್ಲೂ ಇದೆ. ಬೆಂಗಳೂರಿನವರಿಗೆ ಆ ಸೊಳ್ಳೆಯ ಪರಿಚಯ ಮಾಡಿಸಬೇಕಿಲ್ಲ ಅಲ್ವಾ, ಹಗಲು ಕಚ್ಚುವುದು ಅದು. ಬೆಳಗ್ಗೆ, ಸಂಜೆ ಕ್ರೀಮ್ ಹಚ್ಚಿ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ. ವಾಪಸ್ ಬಂದು ಎರಡು ವಾರದೊಳಗೆ ಜ್ವರ ಕಾಣಿಸಿದರೂ ಡಾಕ್ಟರ್‌ಗೆ ಎಲ್ಲಿಗೆ ಹೋಗಿದ್ದಿರಿ ಅಂತ ಹೇಳಿ.

ಬಿಸಿಲು ಭೂಮಧ್ಯರೇಖೆಯ ಹತ್ತಿರದ್ದು. ಸ್ನಾರ್ಕಲಿಂಗ್, ಅಂದರೆ ಮುಖ ನೀರಿನಲ್ಲಿಟ್ಟು ನಳಿಕೆಯಲ್ಲಿ ಉಸಿರಾಡುತ್ತಾ ತೇಲುವುದು, ಮಾಡುವಾಗ ಬೆನ್ನು ಸುಡುವುದು ನೀರಿನ ತಂಪಿನಲ್ಲಿ ತಿಳಿಯುವುದೇ ಇಲ್ಲ. ಮಗಳಿಗೆ ತುಂಬುತೋಳಿನ ಈಜು ಬಟ್ಟೆ ಹಾಕಿಸಿ, ಲೈಫ್ ಜಾಕೆಟ್ ಇಲ್ಲದೆ ಇಳಿಸಬೇಡಿ. ಅಪ್ಪನ ಹೃದಯ ಒಮ್ಮೆ ತೋರಿಸಿದ ಮೇಲೆಯೇ ಸ್ನಾರ್ಕಲಿಂಗ್ ಮಾತು. ನೀವು ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವುದು, ಮಾಡುವುದಾದರೆ ಕೊನೆಯ ಡೈವ್ ಆಗಿ 18 ಗಂಟೆ ಕಳೆಯುವ ತನಕ ವಿಮಾನ ಹತ್ತಬೇಡಿ.

ಇನ್ಶೂರೆನ್ಸ್ ಮಾಡಿಸಿ. ಇಲ್ಲಿನ ಹೆಲ್ತ್ ಪಾಲಿಸಿಗಳಲ್ಲಿ ಹೆಚ್ಚಿನವು ದೇಶದೊಳಗೆ ಮಾತ್ರ ನಡೆಯುತ್ತವೆ. ಟ್ರಾವೆಲ್ ಪಾಲಿಸಿ ತೆಗೆದುಕೊಳ್ಳುವಾಗ ಅಪ್ಪನ ಶುಗರ್, ಬಿಪಿ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಬಹುದು. ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುತ್ತಾರಾ, ದ್ವೀಪದಿಂದ ಮಾಲೆಗೆ ಸಾಗಿಸುವ ಖರ್ಚು ಸೇರಿದೆಯಾ, ಈ ಎರಡನ್ನು ಪಾಲಿಸಿಯಲ್ಲಿ ಓದಿ ನೋಡಿ.

ಗೆಸ್ಟ್‌ಹೌಸ್‌ಗೆ ಹಣ ಕಟ್ಟುವ ಮುಂಚೆ ಒಂದು ಮೆಸೇಜ್ ಹಾಕಿ ಕೇಳಿ: ಆ ದ್ವೀಪದಲ್ಲಿ ರಾತ್ರಿ ಡಾಕ್ಟರ್ ಇರುತ್ತಾರಾ? ಮಾಲೆಗೆ ಸ್ಪೀಡ್‌ಬೋಟ್ ಎಷ್ಟು ಹೊತ್ತು? ಶುಕ್ರವಾರ ಏನು ವ್ಯವಸ್ಥೆ? ಅಲ್ಲಿ ರಜೆ ಶುಕ್ರವಾರ, ಸರ್ಕಾರಿ ಫೆರಿಗಳು ಸಾಮಾನ್ಯವಾಗಿ ಅಂದು ಓಡುವುದಿಲ್ಲ. ಮಾಲೆಗೆ ಎರಡು ಗಂಟೆಗಿಂತ ಜಾಸ್ತಿ ಅಂತ ಉತ್ತರ ಬಂದರೆ, ಅಪ್ಪನಿಗೋಸ್ಕರ ಹತ್ತಿರದ ಇನ್ನೊಂದು ದ್ವೀಪ ನೋಡಿ. ಮಾಲೆಯ ಸುತ್ತಮುತ್ತಲೇ ಗೆಸ್ಟ್‌ಹೌಸ್ ಇರುವ ಒಳ್ಳೆಯ ದ್ವೀಪಗಳು ಬೇಕಾದಷ್ಟಿವೆ, ನೀರು ಅಲ್ಲೂ ಅಷ್ಟೇ ನೀಲಿಯಾಗಿದೆ.